ಫ್ಯಾಂಟಸಿ ಕಥೆಯ ಹುಡುಗ ನಾಯಕ ಓದುಗರಿಗೆ ಹಿಡಿಸುವುದು ಯಾವಾಗ? ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಿಗೆ, ಹದಿಹರೆಯದವರಿಗೆ ಅಂತ ಮಾಯಾಲೋಕದ ಕಥೆ ಬರೆಯುವವರು ಹಸ್ತಪ್ರತಿ ಕಳಿಸಿ "ಒಂದ್ಸಲ ನೋಡಿ ಹೇಳಿ" ಅನ್ನುತ್ತಾರೆ. ನೋಡುತ್ತೇನೆ. ಪ್ರಪಂಚ ಸೊಗಸಾಗಿ ಕಟ್ಟಿರುತ್ತಾರೆ, ನಕ್ಷೆ ಬರೆದಿರುತ್ತಾರೆ, ರಾಕ್ಷಸರಿಗೂ ಕುಲಗೋತ್ರ ಇರುತ್ತದೆ. ನಡುವೆ ನಿಂತ ಹುಡುಗ ಮಾತ್ರ ಮದುವೆಮನೆಗೆ ಕರೆಯದೇ ಬಂದ ನೆಂಟನ ಹಾಗಿರುತ್ತಾನೆ. ಯಾರೂ ಅವನನ್ನು ಮಾತಾಡಿಸುವುದಿಲ್ಲ. ಹಾಗಾಗಿ ಬರುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಓದುಗರಿಗೆ ಹಿಡಿಸಬೇಕು ಅಂದರೆ ಹುಡುಗ ಒಳ್ಳೆಯವನಾಗಿರಬೇಕು ಅಂತಲಾ?

ಅಲ್ಲ. ಒಳ್ಳೆಯ ಹುಡುಗ ಪಕ್ಕದ ಮನೆಯಲ್ಲಿದ್ದರೆ ಚೆಂದ. ಪುಸ್ತಕದಲ್ಲಿ ಬರೀ ಒಳ್ಳೆಯವನಾಗಿದ್ದರೆ ಮೂರನೇ ಪುಟಕ್ಕೆ ಆಕಳಿಕೆ ಬರುತ್ತದೆ.

ನಾನು ಕರಾವಳಿಯವನು, ಯಕ್ಷಗಾನ ನೋಡುತ್ತ ಬೆಳೆದವನು. ಅಲ್ಲಿ ಎಳೆಯ ವೀರರ ಪಾತ್ರಕ್ಕೆ ಪುಂಡುವೇಷ ಅನ್ನುತ್ತಾರೆ. ಅಭಿಮನ್ಯು, ಬಬ್ರುವಾಹನ, ಕುಶ, ಲವ ಎಲ್ಲ ಆ ಸಾಲಿನವರು. ಆ ಹೆಸರೇ ನೋಡಿ, ಪುಂಡು. ಚುರುಕು, ಹಾರಾಟ, ಗಿರ್ರನೆ ಸುತ್ತುತ್ತ ಹಾರುವ ದಿಗಿಣ, ದೊಡ್ಡವರಿಗೆ ಎದುರುತ್ತರ. ಸೌಮ್ಯ ಬಾಲಕರು ಅಂತ ಯಾರೂ ಕರೆಯಲಿಲ್ಲ.

ಅಭಿಮನ್ಯು ಕಾಳಗ ನೋಡಲು ಗದ್ದೆಯಲ್ಲಿ ಕೂತವರಿಗೆಲ್ಲ ಕಥೆ ಗೊತ್ತು. ಹುಡುಗ ಸಾಯುತ್ತಾನೆ ಅಂತಲೂ ಗೊತ್ತು. ಆದರೂ ಅವನು ಧರ್ಮರಾಯನ ಎದುರು ನಿಂತು "ಚಕ್ರವ್ಯೂಹದ ಒಳಗೆ ನುಗ್ಗುವುದು ನನಗೆ ಬರುತ್ತದೆ, ಹೊರಗೆ ಬರುವುದು ಬರುವುದಿಲ್ಲ" ಅನ್ನುವ ಅರ್ಥದ ಮಾತಾಡುವಾಗ ಹಿಂದೆ ಕಡಲೆ ಮಾರುವವನೂ ಕೈ ನಿಲ್ಲಿಸುತ್ತಾನೆ. ಹದಿನಾರರ ಹುಡುಗ. ಅರ್ಧ ವಿದ್ಯೆ. ಅರ್ಧ ಅಂತ ಅವನೇ ಬಾಯಿಬಿಟ್ಟು ಹೇಳುತ್ತಾನೆ, ಆಮೇಲೂ ರಥ ಹತ್ತುತ್ತಾನೆ. ಅವನು ಎಷ್ಟು ಬಾಣ ಬಿಟ್ಟ ಅನ್ನುವುದು ನನಗೆ ನೆನಪಿಲ್ಲ, ಈ ಮಾತು ನೆನಪಿದೆ.

ಹುಡುಗನ ಶಕ್ತಿ ಎಲ್ಲಿ ಸಾಲುವುದಿಲ್ಲವೋ ಅಲ್ಲಿ ಅವನು ಏನು ಮಾಡುತ್ತಾನೆ ಅನ್ನುವುದನ್ನೇ ಓದುಗ ಕಾಯುತ್ತಿರುತ್ತಾನೆ. ಕೆಳಗಿನ ಉತ್ತರಗಳಲ್ಲಿ ಇದನ್ನೇ ನಾನು ತಿರುಗಿಸಿ ಮುರುಗಿಸಿ ಹೇಳುವುದು, ಬೇಜಾರು ಮಾಡಿಕೊಳ್ಳಬೇಡಿ.

ಅನಾಥ ಮಾಡಿದರೆ ಸಾಕಲ್ಲವೇ? ಎಲ್ಲರೂ ಹಾಗೇ ಮಾಡುತ್ತಾರಲ್ಲ?

ಮಾಡುತ್ತಾರೆ, ಕಾರಣವೂ ಇದೆ. ಅಪ್ಪ ಅಮ್ಮ ಮನೆಯಲ್ಲಿದ್ದರೆ ಹನ್ನೆರಡು ವರ್ಷದ ಹುಡುಗನನ್ನು ರಾತ್ರಿ ಕಾಡಿಗೆ ಯಾರು ಬಿಡುತ್ತಾರೆ? ಅನಾಥತನ ಕಥೆಗಾರನಿಗೆ ಒಂದು ಅನುಕೂಲ. ಅನುಕೂಲವನ್ನೇ ಗುಣ ಅಂದುಕೊಂಡರೆ ಕೆಟ್ಟಿತು.

ನಮ್ಮ ಕಡೆಯ ದೊಡ್ಡ ಅನಾಥ ಬಾಲಕ ಅಂದರೆ ಚಂದ್ರಹಾಸ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಹಿಡಿದು ಊರೂರಿನ ಬಯಲಾಟದವರೆಗೆ ಅವನ ಕಥೆ ನಡೆದುಬಂದಿದೆ. ಕೇರಳದ ಅರಸುಮಗ, ಎಡಗಾಲಿನಲ್ಲಿ ಆರು ಬೆರಳು, ತಂದೆತಾಯಿ ಇಲ್ಲ, ಸಾಕಿದ ದಾದಿಯೂ ತೀರಿಕೊಂಡು ಕುಂತಳದ ಬೀದಿಯಲ್ಲಿ ಬೆಳೆಯುವ ಕೂಸು. ಮಂತ್ರಿ ದುಷ್ಟಬುದ್ಧಿ ಕಟುಕರನ್ನು ಕಳಿಸುತ್ತಾನೆ. ಅವರಿಗೆ ಮಗುವಿನ ಮುಖ ನೋಡಿ ಕೊಲ್ಲಲು ಮನಸ್ಸು ಬರದೆ ಆರನೇ ಬೆರಳನ್ನು ಮಾತ್ರ ಕತ್ತರಿಸಿಕೊಂಡು ಹೋಗಿ ತೋರಿಸುತ್ತಾರೆ. ಇಷ್ಟು ಕೇಳಿದ ಮೇಲೆ ಯಾರಿಗೆ ಅಯ್ಯೋ ಅನ್ನಿಸುವುದಿಲ್ಲ?

ಆದರೆ ಅಯ್ಯೋ ಅನ್ನಿಸುವುದು ಬೇರೆ, ಇಷ್ಟವಾಗುವುದು ಬೇರೆ. ಮುಂದೆ ಚಂದ್ರಹಾಸ ಬೆಳೆದು, ತನ್ನನ್ನು ಕೊಲ್ಲಿಸುವ ಪತ್ರವನ್ನು ತಾನೇ ಹೊತ್ತು ಹೋಗುತ್ತಾನೆ. ದಾರಿಯಲ್ಲಿ ತೋಟದಲ್ಲಿ ಮಲಗಿ ನಿದ್ದೆ ಹೋಗುತ್ತಾನೆ. ದುಷ್ಟಬುದ್ಧಿಯ ಮಗಳು ವಿಷಯೆ ಬಂದು, ಪತ್ರ ಓದಿ, ಕಣ್ಣಿನ ಕಾಡಿಗೆ ತೆಗೆದು "ವಿಷ" ಕೊಡು ಅಂತ ಇದ್ದದ್ದನ್ನು "ವಿಷಯೆ" ಅಂತ ತಿದ್ದುತ್ತಾಳೆ. ಕೊಲ್ಲಲು ಹೋದ ಕಾಗದ ಮದುವೆ ಮಾಡಿಸಿ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಆ ಭಾಗದಲ್ಲಿ ಇಷ್ಟವಾಗುವವಳು ವಿಷಯೆ. ಕೆಲಸ ಮಾಡಿದವಳು ಅವಳು, ನಾಯಕ ಗೊರಕೆ ಹೊಡೆಯುತ್ತಿದ್ದ.

ಚಂದ್ರಹಾಸ ನನಗೆ ಇಷ್ಟವಾದದ್ದು ಕೊನೆಯಲ್ಲಿ. ಚಂಡಿಕೆಯ ಗುಡಿಯಲ್ಲಿ ಅವನಿಗೆ ಇಟ್ಟ ಹೊಂಚಿಗೆ ದುಷ್ಟಬುದ್ಧಿಯ ಮಗ ಮದನ ಬಲಿಯಾಗುತ್ತಾನೆ, ದುಃಖದಲ್ಲಿ ದುಷ್ಟಬುದ್ಧಿಯೂ ಸಾಯುತ್ತಾನೆ. ಆಗ ಈ ಹುಡುಗ ತನ್ನ ತಲೆಯನ್ನೇ ದೇವಿಗೆ ಒಪ್ಪಿಸಲು ಹೊರಟು ಇಬ್ಬರನ್ನೂ ಬದುಕಿಸಿಕೊಳ್ಳುತ್ತಾನೆ. ಬಾಲ್ಯದಿಂದ ತನ್ನನ್ನು ಕೊಲ್ಲಲು ನೋಡಿದವನನ್ನೂ! ಅಲ್ಲಿಯವರೆಗೆ ಎಲ್ಲರೂ ಸೇರಿ ಅವನನ್ನು ಉಳಿಸಿದ್ದರು. ಅಲ್ಲಿ ಮೊದಲ ಬಾರಿಗೆ ಆರಿಸಿಕೊಳ್ಳುವ ಸರದಿ ಅವನದ್ದಾಯಿತು.

ನಿಮ್ಮ ನಾಯಕ ಅನಾಥನೇ ಆಗಿರಲಿ. ಅವನ ಆ ಸರದಿ ಎಷ್ಟನೇ ಪುಟಕ್ಕೆ ಬರುತ್ತದೆ ನೋಡಿಕೊಳ್ಳಿ. ಇನ್ನೂರನೇ ಪುಟ ಅಂದರೆ ತಡವಾಯಿತು.

ವಯಸ್ಸು ಎಷ್ಟಿಡಬೇಕು?

ಮಕ್ಕಳು ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಓದಲು ಇಷ್ಟಪಡುತ್ತಾರೆ. ಹತ್ತು ವರ್ಷದವರಿಗೆ ಹನ್ನೆರಡರ ನಾಯಕ, ಹದಿಮೂರರವರಿಗೆ ಹದಿನೈದು ಹದಿನಾರರವನು. ವಯಸ್ಸು ಬರೆದ ಮೇಲೆ ಅದಕ್ಕೆ ತಕ್ಕ ಹಾಗೆ ಅವನಿಗೆ ಹಸಿವಾಗಬೇಕು, ಕಾಲು ನೋಯಬೇಕು, ಅಂಗಿ ಗಿಡ್ಡವಾಗಬೇಕು. ಹನ್ನೆರಡು ಅಂತ ಬರೆದು ನಲವತ್ತರ ವಕೀಲನ ಹಾಗೆ ಮಾತಾಡಿಸಬೇಡಿ.

ಶಕ್ತಿ ಎಷ್ಟು ಕೊಡಬಹುದು?

ಎಷ್ಟು ಬೇಕಾದರೂ ಕೊಡಿ, ಅದು ಎಲ್ಲಿ ಕೈಕೊಡುತ್ತದೆ ಅಂತ ನಿಮಗೆ ಗೊತ್ತಿರಲಿ.

ಎ.ಕೆ. ರಾಮಾನುಜನ್ ಕನ್ನಡದ ಬಾಯಿಂದ ಕೇಳಿ ಸಂಗ್ರಹಿಸಿ ಇಂಗ್ಲಿಷಿಗೆ ಕೊಟ್ಟ ಜನಪದ ಕಥೆಗಳಲ್ಲಿ ಹೂವಿನ ಮರವಾಗುವ ಹುಡುಗಿಯ ಕಥೆ ಒಂದಿದೆ. ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿ ಕೂಲಿನಾಲಿ ಮಾಡಿ ಸೋಲುವುದನ್ನು ನೋಡಲಾರದೆ ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಉಗುರು ತಾಗದ ಹಾಗೆ ಎರಡು ಕೊಡ ನೀರು ತಾ, ಒಂದನ್ನು ನನ್ನ ಮೈಮೇಲೆ ಸುರಿ, ನಾನು ಹೂಮರ ಆಗುತ್ತೇನೆ. ಎಲೆ ಹರಿಯದೆ, ಚಿಗುರು ಮುರಿಯದೆ ಹೂ ಕೊಯ್ದುಕೋ, ಆಮೇಲೆ ಇನ್ನೊಂದು ಕೊಡ ಸುರಿ, ಮತ್ತೆ ಮನುಷ್ಯಳಾಗುತ್ತೇನೆ. ಆ ಹೂವನ್ನು ಅರಮನೆಗೆ ಮಾರುತ್ತಾರೆ. ತಾಯಿಗೆ ಹೇಳುವುದಿಲ್ಲ.

ಇಷ್ಟರಲ್ಲಿ ಏನೇನಿದೆ ಎಣಿಸಿ. ಶಕ್ತಿ ಯಾಕೆ ಬೇಕಾಯಿತು ಅನ್ನುವುದಿದೆ, ತಾಯಿಯ ದುಡಿತ. ಅದರ ನೇಮವಿದೆ, ಉಗುರು ತಾಗಬಾರದು. ಅದರ ಅಪಾಯವಿದೆ, ಮರವಾಗಿ ನಿಂತ ಮೇಲೆ ಅವಳು ಪೂರ್ತಿ ಇನ್ನೊಬ್ಬರ ಕೈಯಲ್ಲಿದ್ದಾಳೆ. ಮುಂದೆ ಅವಳ ನಾದಿನಿ ತೋಟಕ್ಕೆ ಕರೆದೊಯ್ದು ಕೊಂಬೆ ಮುರಿಯುವಾಗ ನಮ್ಮ ಕೈಯೇ ಮುರಿದ ಹಾಗೆ ಆಗುವುದು ಇದಕ್ಕೇ. ಅವಳ ಹತ್ತಿರ ಕತ್ತಿಯಿಲ್ಲ, ಶಾಪ ಕೊಡುವ ನಾಲಿಗೆಯೂ ಇಲ್ಲ. ಆದರೂ ಕಥೆ ಕೇಳಿದ ಮಗು ರಾತ್ರಿ ಅವಳನ್ನು ಬಿಟ್ಟು ಮಲಗುವುದಿಲ್ಲ.

ನಾಯಕನಿಂದ ದೊಡ್ಡ ತಪ್ಪು ಮಾಡಿಸಬಹುದೇ? ಓದುಗರು ಸಿಟ್ಟಾಗುವುದಿಲ್ಲವೇ?

ಮಾಡಿಸಿ. ಸಣ್ಣ ತಪ್ಪು ಮಾಡಿಸಿದರೇ ಸಿಟ್ಟಾಗುತ್ತಾರೆ. "ಇವನಿಗೆ ತುಂಬ ಕರುಣೆ, ಅದೇ ಇವನ ದೌರ್ಬಲ್ಯ" ಅಂತ ಬರೆಯುತ್ತಾರಲ್ಲ, ಕೆಲಸಕ್ಕೆ ಸಂದರ್ಶನಕ್ಕೆ ಹೋದವರು "ನಾನು ಅತಿಯಾಗಿ ದುಡಿಯುತ್ತೇನೆ, ಅದೇ ನನ್ನ ದೋಷ" ಅನ್ನುವ ಹಾಗೆ, ಅದು ಬೇಡ.

ಇದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ಅರ್ಥ್‌ಸೀ ಸರಣಿಯ ಮೊದಲ ಪುಸ್ತಕ. ಅದರ ನಾಯಕ ಗೆಡ್ ಒಬ್ಬ ಆಡು ಕಾಯುವ ಹುಡುಗ. ಚಿಕ್ಕಮ್ಮನ ಬಾಯಿಂದ ಕದ್ದು ಕೇಳಿದ ಮಂತ್ರ ಹೇಳಿ ಆಡುಗಳನ್ನು ಕರೆಯುತ್ತಾನೆ. ಆಡುಗಳು ಬರುತ್ತವೆ. ಬಂದು ಮೈಗೆ ಒತ್ತಿಕೊಂಡು ನಿಲ್ಲುತ್ತವೆ, ಹೋಗುವುದೇ ಇಲ್ಲ. ಕರೆಯುವ ಮಂತ್ರ ಗೊತ್ತು, ಬಿಡಿಸುವ ಮಂತ್ರ ಗೊತ್ತಿಲ್ಲ. ಹುಡುಗ ಹೆದರಿ ಊರೊಳಗೆ ಓಡುತ್ತಾನೆ, ಸುತ್ತಲೂ ಆಡಿನ ಹಿಂಡು. ಅಮೆರಿಕದಲ್ಲಿ ಕೂತು ಬರೆದ ಆ ಹೆಂಗಸಿಗೂ ನಮ್ಮ ಗದ್ದೆಯ ಅಭಿಮನ್ಯುವಿಗೂ ಯಾವ ಸಂಬಂಧ ಹೇಳಿ! ಆದರೂ ಇಬ್ಬರೂ ಒಂದೇ ಗಂಟು ಹಿಡಿದಿದ್ದಾರೆ. ಒಳಗೆ ಹೋಗುವ ದಾರಿ ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ.

ಆಡಿನ ಪ್ರಸಂಗ ನಗಿಸುತ್ತದೆ. ಅದೇ ಹುಡುಗ ಮಾಂತ್ರಿಕರ ಶಾಲೆಗೆ ಹೋಗಿ, ಜಾಸ್ಪರ್ ಎಂಬ ಸಹಪಾಠಿಯ ಎದುರು ಜಂಬ ತೋರಿಸಲು ಸತ್ತವರನ್ನು ಕರೆಯುತ್ತಾನೆ. ಜೊತೆಗೆ ಒಂದು ಕರಿನೆರಳು ಹೊರಬಂದು ಅವನ ಮುಖ ಸೀಳುತ್ತದೆ. ಆ ಬಿರುಕು ಮುಚ್ಚಲು ಹೋಗಿ ಶಾಲೆಯ ಹಿರಿಯ ಗುರು ಪ್ರಾಣ ಬಿಡುತ್ತಾನೆ. ಒಬ್ಬರು ಸತ್ತೇ ಹೋದರು, ಕಾರಣ ಈ ಹುಡುಗ. ಲೆ ಗ್ವಿನ್ ಅದಕ್ಕೆ ವಿನಾಯಿತಿ ಕೊಡುವುದಿಲ್ಲ. ಗೆಡ್ ಕೂಡ "ಅವನು ಕೆಣಕಿದ, ಅದಕ್ಕೇ" ಅಂತ ಉಳಿದ ಪುಸ್ತಕ ಪೂರ್ತಿ ಗೊಣಗುವುದಿಲ್ಲ. ಮೊದಲು ಓಡುತ್ತಾನೆ, ಆಮೇಲೆ ತಿರುಗಿ ನಿಂತು ತಾನು ಬಿಟ್ಟ ನೆರಳನ್ನು ತಾನೇ ಹುಡುಕಿಕೊಂಡು ಹೋಗುತ್ತಾನೆ. ತಿರುಗಿ ನಿಂತ ಆ ಗಳಿಗೆಯಲ್ಲಿ ಅವನು ನಮ್ಮವನಾಗುತ್ತಾನೆ.

ಕೋಪಿಷ್ಠ, ಜಂಬದ ಹುಡುಗ ನಾಯಕನಾಗಬಹುದೇ?

ಬಬ್ರುವಾಹನನನ್ನು ನೋಡಿ. ಯಾಗದ ಕುದುರೆ ಕಟ್ಟಿದ್ದಾನೆ. ಅದು ನಿನ್ನ ತಂದೆಯದು ಅಂತ ತಾಯಿ ಚಿತ್ರಾಂಗದೆ ಹೇಳಿದ ಕೂಡಲೇ ಕಾಣಿಕೆ ಹೊರಿಸಿಕೊಂಡು, ಕುದುರೆ ಸಮೇತ ಅರ್ಜುನನ ಕಾಲಿಗೆ ಬೀಳಲು ಹೋಗುತ್ತಾನೆ. ಅರ್ಜುನ ಅವನನ್ನು ಹೀಯಾಳಿಸುತ್ತಾನೆ, ಅವನ ತಾಯಿಯ ಶೀಲದ ಮೇಲೂ ಮಾತಾಡುತ್ತಾನೆ. ಆಮೇಲೆ ಹುಡುಗ ಕೆರಳುವುದು.

ಈ ಕ್ರಮವನ್ನು ಗಮನಿಸಿ. ಮೊದಲು ತಲೆ ಬಾಗಿದ, ಆಮೇಲೆ ಎತ್ತಿದ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಈ ತಿರುವಿನಲ್ಲಿ ಅರ್ಧಗಂಟೆ ನಿಲ್ಲುತ್ತಾನೆ, ಸುಮ್ಮನೆ ಅಲ್ಲ. ಬಂದ ಕೂಡಲೇ ತೊಡೆ ತಟ್ಟಿದ್ದರೆ ಬಬ್ರುವಾಹನ ಒಬ್ಬ ತಲೆಹರಟೆ ಅಷ್ಟೆ. ಗೆದ್ದ ಮೇಲೂ ಅವನು ಕುಣಿಯುವುದಿಲ್ಲ. ಬಿದ್ದ ತಂದೆಯನ್ನು ಬದುಕಿಸಲು ನಾಗಲೋಕದ ಮಣಿಗೆ ಹೊರಡುತ್ತಾನೆ. ಕೋಪಕ್ಕೆ ಮುಂಚೆ ವಿನಯ, ಕೋಪದ ಆಚೆ ಪಶ್ಚಾತ್ತಾಪ. ನಡುವಿನ ಕೋಪ ಎಷ್ಟು ದೊಡ್ಡದಾದರೂ ನಾವು ಸಹಿಸಿಕೊಳ್ಳುತ್ತೇವೆ.

ಜಂಬದ ಬಗ್ಗೆ ಒಂದೇ ಮಾತು: ಜಂಬದ ಹುಡುಗನಿಗೆ ಒಂದು ಕೆಲಸ ನಿಜವಾಗಿಯೂ ಚೆನ್ನಾಗಿ ಬರಬೇಕು. ಕೈಲಾಗದವನ ಜಂಬ ಎರಡು ಪುಟ ನಗಿಸುತ್ತದೆ, ಆಮೇಲೆ ತಲೆನೋವು.

ಸುಳ್ಳು ಹೇಳುವ, ಕದಿಯುವ ನಾಯಕ?

ಬೆಣ್ಣೆ ಕದ್ದವನನ್ನು ಎತ್ತಿ ಮುದ್ದಾಡಿದ ಜನ ನಾವು, ನಮ್ಮನ್ನೇ ಕೇಳುತ್ತೀರಲ್ಲ!

ಸುಳ್ಳಿಗೆ ಕಥೆಯಲ್ಲಿ ಲೆಕ್ಕ ಇರಬೇಕು. ಇಂಗ್ಲಿಷ್ ಲೇಖಕ ಫಿಲಿಪ್ ಪುಲ್ಮನ್ ತನ್ನ ಫ್ಯಾಂಟಸಿ ಸರಣಿಯಲ್ಲಿ 1995ರಲ್ಲಿ ತಂದ ಲೈರಾ ಎಂಬ ಹುಡುಗಿ ಪಕ್ಕಾ ಸುಳ್ಳುಗಾತಿ. ಅವಳ ಸುಳ್ಳು ಅವಳನ್ನು ಎಷ್ಟೋ ಕಡೆ ಕಾಪಾಡುತ್ತದೆ. 2000ದಲ್ಲಿ ಬಂದ ಮೂರನೇ ಭಾಗದಲ್ಲಿ ಸತ್ತವರ ಲೋಕದ ಬಾಗಿಲಲ್ಲಿ ಅದೇ ವಿದ್ಯೆ ಕೈಕೊಡುತ್ತದೆ, ಅಲ್ಲಿನ ಕಾವಲು ಹಕ್ಕಿಗಳು ಸುಳ್ಳು ಕೇಳಿದ ಕೂಡಲೇ ಮೇಲೆರಗುತ್ತವೆ, ನಿಜ ಹೇಳಿದರೆ ಸುಮ್ಮನೆ ಕೂತು ಕೇಳುತ್ತವೆ. ಹುಡುಗಿಯ ಬಂಡವಾಳವೇ ನಡೆಯದ ಊರಿಗೆ ಅವಳನ್ನು ಒಯ್ದು ನಿಲ್ಲಿಸಿದ ಲೇಖಕ ಜಾಣ.

ನನ್ನ ನಾಯಕನಿಗೆ ಎಲ್ಲ ಬರುತ್ತದೆ, ಎಲ್ಲರೂ ಮೆಚ್ಚುತ್ತಾರೆ. ಆದರೂ ಓದಿದವರು "ಏನೋ ಸರಿಯಿಲ್ಲ" ಅನ್ನುತ್ತಾರೆ. ಯಾಕೆ?

ಈ ಕಾಯಿಲೆಗೆ ಇಂಗ್ಲಿಷಿನವರು ಹೆಸರೇ ಇಟ್ಟಿದ್ದಾರೆ, ಮೇರಿ ಸೂ. 1973ರಲ್ಲಿ ಪೌಲಾ ಸ್ಮಿತ್ ಎಂಬುವರು ಸ್ಟಾರ್ ಟ್ರೆಕ್ ಎಂಬ ಟಿವಿ ಧಾರಾವಾಹಿಯ ಅಭಿಮಾನಿಗಳು ಬರೆಯುತ್ತಿದ್ದ ಕಥೆಗಳನ್ನು ಗೇಲಿ ಮಾಡಿ ಪುಟ್ಟ ಅಣಕು ಕಥೆ ಬರೆದರು. ಅದರ ನಾಯಕಿ ಮೇರಿ ಸೂ ಹದಿನೈದೂವರೆ ವರ್ಷಕ್ಕೇ ಲೆಫ್ಟಿನೆಂಟ್, ಎಲ್ಲರಿಗಿಂತ ಬುದ್ಧಿವಂತೆ, ಎಲ್ಲರಿಗೂ ಅಚ್ಚುಮೆಚ್ಚು. ಅಂಥ ಪಾತ್ರಗಳಿಗೆಲ್ಲ ಅಲ್ಲಿಂದ ಆ ಹೆಸರು ಅಂಟಿತು.

ನಾನೂ ಅಂಥವನೊಬ್ಬನನ್ನು ಹೆತ್ತಿದ್ದೇನೆ. ಹೆಸರು ಅಗ್ನಿಧ್ವಜ. ನನ್ನ ಮೊದಲ ಕಾದಂಬರಿ ಹೀಗೆ ಶುರುವಾಗುತ್ತಿತ್ತು:

"ಹದಿಮೂರು ವರ್ಷದ ಅಗ್ನಿಧ್ವಜನು ಸುಂದರನೂ ಧೈರ್ಯಶಾಲಿಯೂ ಬುದ್ಧಿವಂತನೂ ಆಗಿದ್ದನು. ಅವನ ನೀಲಿ ಕಣ್ಣುಗಳಲ್ಲಿ ವಿಚಿತ್ರವಾದ ಹೊಳಪಿತ್ತು. ತಾನು ಸಾಮಾನ್ಯನಲ್ಲವೆಂದು ಅವನಿಗೆ ಸದಾ ಅನ್ನಿಸುತ್ತಿತ್ತು."

ನೀಲಿ ಕಣ್ಣು ಎಲ್ಲಿಂದ ಬಂತು ಅಂತ ದಯವಿಟ್ಟು ಕೇಳಬೇಡಿ. ಮೂರು ವಾಕ್ಯದಲ್ಲಿ ನಾನೇ ಅವನನ್ನು ಹೊಗಳಿ ಮುಗಿಸಿದ್ದೆ, ಓದುಗನಿಗೆ ಕೆಲಸವೇ ಉಳಿದಿರಲಿಲ್ಲ. ಮಗನ ಅಂಕಪಟ್ಟಿ ಹಿಡಿದು ಬಂದ ನೆಂಟರ ಮುಂದೆ ಕೂತ ಹಾಗೆ. ಕಳಿಸಿದ ಕಡೆಯಿಂದೆಲ್ಲ ವಾಪಸ್ ಬಂತು. ಒಬ್ಬರು ಮಾತ್ರ "ಕಾಗದ ಚೆನ್ನಾಗಿದೆ" ಅಂತ ಹೇಳಿ ಕಳಿಸಿದರು.

ಹಾಗಾದರೆ ಮೊದಲ ಪುಟದಲ್ಲಿ ಏನಿರಬೇಕು?

ಅವನಿಗೆ ಬೇಕಾದ ಒಂದು ವಸ್ತು ಇರಲಿ, ಅದು ಸಿಗದೇ ಇರಲಿ, ಪಕ್ಕದಲ್ಲಿ ಇನ್ನೊಬ್ಬರಿರಲಿ. ಹೇಳುವುದಕ್ಕಿಂತ ಬರೆದು ತೋರಿಸುವುದು ಮೇಲು. ಅಗ್ನಿಧ್ವಜ ಹೋದ ಎಷ್ಟೋ ವರ್ಷದ ಮೇಲೆ, ಮಳೆ ಕರೆಯಬಲ್ಲ ಹುಡುಗನೊಬ್ಬನ ಕಥೆಗೆ ನಾನು ಬರೆದ ಆರಂಭ ಇದು:

"ಸೋಮು ಮಳೆ ಕರೆದದ್ದು ಬೆಳಿಗ್ಗೆ. ಮಧ್ಯಾಹ್ನ ಊಟಕ್ಕೆ ಕೂತಾಗ ಒಂದು ಮಾತು ಕಾಣೆಯಾಗಿತ್ತು.

'ಅಜ್ಜಿ, ಅದು ಕೊಡು.'

'ಯಾವುದು?'

'ಅದೇ. ಉದ್ದ ಹಿಡಿ ಇರತ್ತಲ್ಲ. ಸಾರು ಬಡಿಸೋದು.'

'ಸೌಟು ಅನ್ನೋಕೆ ನಾಲಿಗೆ ನೋವಾ ನಿಂಗೆ?'

ಸೌಟು. ಸೋಮು ಬಾಯೊಳಗೇ ಎರಡು ಸಲ ಹೇಳಿಕೊಂಡ. ರಾತ್ರಿಯ ಹೊತ್ತಿಗೆ ಅದು ಮತ್ತೆ ಹೋಗಿರುತ್ತದೆ ಅಂತ ಅವನಿಗೆ ಗೊತ್ತಿತ್ತು. ಹೊರಗೆ ನಾಗಣ್ಣನ ಗದ್ದೆಯಲ್ಲಿ ನೀರು ನಿಂತಿತ್ತು. ಹೋದ ಸಲ ಕಳೆದದ್ದು 'ಹಲ್ಲಿ'. ಅದರ ಹಿಂದಿನ ಸಲ, ಪಕ್ಕದ ಬೆಂಚಿನ ಹುಡುಗನ ಹೆಸರು. ಅವನು ಇವತ್ತಿಗೂ ಮಾತು ಬಿಟ್ಟಿದ್ದಾನೆ."

ಇದು ಮಹಾಕೃತಿ ಅಂತ ನಾನೇನೂ ಹೇಳುತ್ತಿಲ್ಲ. ಸೋಮು ಧೈರ್ಯವಂತ, ಕರುಣಾಳು ಅಂತ ಎಲ್ಲೂ ಬರೆದಿಲ್ಲ ಅನ್ನುವುದನ್ನು ನೋಡಿ. ನೀರು ನಿಂತದ್ದು ಅವನ ಗದ್ದೆಯಲ್ಲಲ್ಲ. ಕಳೆದುಕೊಂಡದ್ದನ್ನು ಅಜ್ಜಿಗೆ ಹೇಳಿಲ್ಲ. ಉಳಿದದ್ದನ್ನು ಓದುಗ ತಾನೇ ಕಂಡುಹಿಡಿದು, ತಾನೇ ಕಂಡುಹಿಡಿದದ್ದಕ್ಕೆ ಹುಡುಗನನ್ನು ಇನ್ನಷ್ಟು ಹಚ್ಚಿಕೊಳ್ಳುತ್ತಾನೆ. ನಗುವೂ ಸ್ವಲ್ಪ ಇದೆ. ನಗು ಇಲ್ಲದ ಹುಡುಗನ ಜೊತೆ ಮುನ್ನೂರು ಪುಟ ನಡೆಯುವುದು ಕಷ್ಟ ಕಣ್ರೀ.

ಮೊದಲ ಅಧ್ಯಾಯದಲ್ಲಿ ನಾಯಿಮರಿಯನ್ನು ಕಾಪಾಡಿಸಿದರೆ ಓದುಗರಿಗೆ ಹಿಡಿಸುತ್ತಾನೆ ಅನ್ನುತ್ತಾರಲ್ಲ?

ಸಿನಿಮಾದವರ ಹಳೆಯ ಉಪಾಯ. ನಡೆಯುತ್ತದೆ, ಕಾಪಾಡಿದ್ದರಿಂದ ಅವನಿಗೆ ಏನಾದರೂ ನಷ್ಟವಾದರೆ. ಬಸ್ಸು ತಪ್ಪಬೇಕು, ಹೊಸ ಅಂಗಿ ಹರಿಯಬೇಕು, ಮನೆಯಲ್ಲಿ ಬೈಗುಳ ತಿನ್ನಬೇಕು. ಪುಕ್ಕಟೆ ಪುಣ್ಯ ಮಕ್ಕಳಿಗೂ ಗೊತ್ತಾಗುತ್ತದೆ.

ಭವಿಷ್ಯವಾಣಿ ಇಟ್ಟುಕೊಳ್ಳಬಹುದೇ? "ಲೋಕವನ್ನು ಉಳಿಸುವವನು ನೀನೇ" ಅನ್ನುವ ಥರ?

ಇಟ್ಟುಕೊಳ್ಳಿ, ಆದರೆ ಯಾರ ಕಿವಿಗೆ ಹಾಕುತ್ತೀರಿ ಅಂತ ಯೋಚಿಸಿ. ನಮ್ಮ ಹಳಬರು ಇದರಲ್ಲಿ ಪಕ್ಕಾ ಇದ್ದರು. ಅಶರೀರವಾಣಿ ಕೇಳಿಸಿದ್ದು ಕಂಸನಿಗೆ. ಈ ಹುಡುಗ ಮುಂದೆ ರಾಜ್ಯ ಆಳುತ್ತಾನೆ ಅಂತ ಬ್ರಾಹ್ಮಣರು ಹೇಳಿದ್ದು ದುಷ್ಟಬುದ್ಧಿಯ ಮನೆಯ ಊಟದಲ್ಲಿ, ಅವನ ಎದುರಿಗೇ. ನಿದ್ದೆಗೆಟ್ಟವರು ಖಳರು. ಕೃಷ್ಣ ಗೋಕುಲದಲ್ಲಿ ದನ ಮೇಯಿಸಿಕೊಂಡಿದ್ದ, ಚಂದ್ರಹಾಸ ಬೀದಿಯಲ್ಲಿ ಆಡಿಕೊಂಡಿದ್ದ.

ಅಗ್ನಿಧ್ವಜನಿಗೆ ನಾನು ಎರಡನೇ ಪುಟದಲ್ಲೇ ಒಬ್ಬ ಋಷಿಯಿಂದ ಎಲ್ಲ ಹೇಳಿಸಿಬಿಟ್ಟಿದ್ದೆ. ಆಮೇಲೆ ಅವನಿಗೆ ಹೆದರಲು ಏನಿದೆ? ಗೆಲುವು ಬರಹದಲ್ಲಿ ಬರೆದುಕೊಟ್ಟಾಗಿದೆ.

ದೊಡ್ಡವರು ಯಾಕೆ ಸಹಾಯಕ್ಕೆ ಬರುವುದಿಲ್ಲ ಅಂತ ಓದುಗರು ಕೇಳುತ್ತಾರೆ.

ಕೇಳಲೇಬೇಕು. ಸುಲಭದ ದಾರಿ ಅಂದರೆ ದೊಡ್ಡವರನ್ನೆಲ್ಲ ಪೆದ್ದರನ್ನಾಗಿಸುವುದು. ಅದರಿಂದ ಹುಡುಗ ಜಾಣನಾಗಿ ಕಾಣುವುದಿಲ್ಲ, ಊರೇ ಪೆದ್ದರ ಊರಾಗುತ್ತದೆ. ಅಭಿಮನ್ಯುವಿನ ಹಿಂದೆಯೇ ನುಗ್ಗುತ್ತೇವೆ ಅಂತ ಭೀಮ, ಧರ್ಮರಾಯ ಮಾತು ಕೊಟ್ಟಿದ್ದರು, ಹೊರಟೂ ಇದ್ದರು. ಶಿವನ ವರದ ಬಲದಿಂದ ಜಯದ್ರಥ ಅರ್ಜುನನನ್ನು ಬಿಟ್ಟು ಉಳಿದ ಪಾಂಡವರನ್ನು ಬಾಗಿಲಲ್ಲೇ ತಡೆದ. ಅರ್ಜುನನನ್ನು ಶಪಥ ತೊಟ್ಟು ಬಂದ ಕೌರವರ ಕಡೆಯ ಸಂಶಪ್ತಕ ಯೋಧರು ಬೇರೆ ಕಡೆ ಎಳೆದೊಯ್ದಿದ್ದರು. ಎಲ್ಲರಿಗೂ ಬರಬೇಕೆಂಬ ಮನಸ್ಸಿತ್ತು, ಬರಲಾಗಲಿಲ್ಲ. ದೊಡ್ಡವರ ಪ್ರೀತಿಯನ್ನು ಉಳಿಸಿಕೊಂಡೇ ಹುಡುಗನನ್ನು ಒಂಟಿ ಮಾಡಬಹುದು.

ಜೊತೆಗಾರರು ಎಷ್ಟು ಜನ ಇರಬೇಕು?

ಲೆಕ್ಕ ಮುಖ್ಯವಲ್ಲ. ಒಬ್ಬನಾದರೂ ನಾಯಕನಿಗೆ ಹೆದರದೆ "ಏಯ್, ಸಾಕು ಮಾಡು" ಅನ್ನುವವನಿರಲಿ. ಯಕ್ಷಗಾನದ ಹಾಸ್ಯಗಾರ ರಾಜನಿಗೂ ಹಾಗೆ ಹೇಳುತ್ತಾನೆ. ಹಾಗೆ ಹೇಳಿಸಿಕೊಂಡು ನಕ್ಕ ರಾಜ ನಮಗೆ ತಟ್ಟನೆ ಹತ್ತಿರವಾಗುತ್ತಾನೆ. ಜೊತೆಗಾರರು ಹೊಗಳಲಿಕ್ಕೆ ಮಾತ್ರ ಇದ್ದರೆ ಅವರನ್ನು ತೆಗೆದುಹಾಕಿ, ಪುಟ ಉಳಿಯುತ್ತದೆ.

ಅವನು ಯಾವ ಕನ್ನಡ ಮಾತಾಡಬೇಕು?

ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಬೇಕಿತ್ತು. ಬರುವ ಹಸ್ತಪ್ರತಿಗಳಲ್ಲಿ ಎರಡು ಥರದ ಕನ್ನಡ ಕಾಣುತ್ತದೆ. ಒಂದು ಪೌರಾಣಿಕ ನಾಟಕದ್ದು: "ಎಲೈ ಗೆಳೆಯನೇ, ಈಗಲೇ ಹೊರಡೋಣವೇ?" ಇನ್ನೊಂದು ಡಬ್ಬಿಂಗ್ ಕನ್ನಡ: "ಓಹ್, ನಾನು ಇದನ್ನು ಮಾಡಬಲ್ಲೆನೆಂದು ನನಗೆ ಖಚಿತವಿಲ್ಲ." ಯಾವ ಹನ್ನೆರಡು ವರ್ಷದವನೂ ಹೀಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. "ನಂಗಾಗಲ್ಲ ಅನ್ಸತ್ತೆ" ಅನ್ನುತ್ತಾನೆ, ಇಲ್ಲವೇ ಸುಮ್ಮನೆ ಉಗುರು ಕಚ್ಚುತ್ತಾನೆ.

ನಿಮ್ಮ ಲೋಕ ಕಲ್ಪನೆಯದ್ದೇ ಇರಲಿ, ಹುಡುಗನ ಬಾಯಿ ನೀವು ಬಲ್ಲ ಊರಿನದ್ದಾಗಿರಲಿ. ಧಾರವಾಡ ಕಡೆಯವರಾದರೆ ಅವನು ಹಿರಿಯರಿಗೆ "ಹೌದ್ರೀ" ಅನ್ನಲಿ. ನಮ್ಮ ಕಡೆಯವರಾದರೆ ಡ್ರ್ಯಾಗನ್ ನೋಡಿ "ಎಂತ ಮಾರಾಯ ಇದು!" ಅನ್ನಲಿ, ಏನೂ ತೊಂದರೆಯಿಲ್ಲ. ದೊಡ್ಡವರ ಎದುರು ಒಂದು ಥರ, ಗೆಳೆಯರ ಜೊತೆ ಒಂದು ಥರ, ಅಮ್ಮನ ಹತ್ತಿರ ಇನ್ನೊಂದು ಥರ ಮಾತಾಡುವ ಹುಡುಗ ಆ ವ್ಯತ್ಯಾಸದಲ್ಲೇ ಅರ್ಧ ಜೀವ ಪಡೆಯುತ್ತಾನೆ. ನೀವು, ನೀನು, ಲೋ, ಕಣೇ ಇವೆಲ್ಲ ಇರುವ ಭಾಷೆ ನಮ್ಮದು. ಯಾರನ್ನು ಏನಂತ ಕರೆದ ಅನ್ನುವುದರಿಂದಲೇ ಅವನ ಮನಸ್ಸು ತೋರಿಸಬಹುದು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಸೌಲಭ್ಯ ಇಲ್ಲ, ಪಾಪ.

ಹೆಸರು?

ಸಂಜೆ ಹಿತ್ತಲ ಬಾಗಿಲಲ್ಲಿ ನಿಂತು ಅಮ್ಮ ಕೂಗುವಂಥದ್ದಾಗಿರಲಿ. "ಅಗ್ನಿಧ್ವಜಾ, ಕಾಫಿ ಕುಡಿಯೋಕೆ ಬಾರೋ" ಅಂತ ಒಮ್ಮೆ ಕೂಗಿ ನೋಡಿ.

ನಾಯಕಿಯಾದರೆ ಬೇರೆ ನಿಯಮವೇ?

ಬೇರೆ ಏನಿಲ್ಲ. ಒಂದು ಅಭ್ಯಾಸ ಮಾತ್ರ ಕಾಡುತ್ತದೆ: ಹುಡುಗಿ ಗಟ್ಟಿ ಅಂತ ತೋರಿಸಲು ಕೈಗೆ ಕತ್ತಿ ಕೊಟ್ಟು, ಮುಖದಿಂದ ನಗು ತೆಗೆದುಬಿಡುತ್ತಾರೆ. ಹೆದರದ, ಅಳದ, ಜಾರಿ ಬೀಳದ ಹುಡುಗಿ. ಹೂಮರದ ಹುಡುಗಿ ಅಕ್ಕನಿಗೆ ನೀರು ಹೇಗೆ ತರಬೇಕು ಅಂತ ಆಜ್ಞೆ ಮಾಡುವ ಜೋರು ನೆನಪಿಸಿಕೊಳ್ಳಿ. ಪತ್ರ ತಿದ್ದುವಾಗ ವಿಷಯೆಯ ಎದೆ ಎಷ್ಟು ಹೊಡೆದುಕೊಂಡಿರಬೇಕು ಅಂತಲೂ ಯೋಚಿಸಿ. ಅಪ್ಪನ ಕಾಗದ ಅದು!

ಕೊನೆಯಲ್ಲಿ ನಾಯಕನನ್ನು ಸಾಯಿಸಬಹುದೇ?

ಹತ್ತು ವರ್ಷದವರ ಪುಸ್ತಕದಲ್ಲಿ ಬೇಡ ಅನ್ನುತ್ತೇನೆ, ಇದು ನನ್ನ ಮೆದು ಮನಸ್ಸು. ದೊಡ್ಡ ಮಕ್ಕಳಿಗೆ ಬರೆಯುವುದಾದರೆ, ಸಾವಿನ ಮುಂಚೆ ಅವನ ಕೈಯಲ್ಲಿ ಏನಾದರೂ ಉಳಿದಿರಬೇಕು. ಬಿಲ್ಲು ಹೋಯಿತು, ಕುದುರೆ ಹೋಯಿತು, ಕತ್ತಿ ಗುರಾಣಿ ಹೋಯಿತು, ಆಗ ಅಭಿಮನ್ಯು ರಥದ ಚಕ್ರ ಎತ್ತಿಕೊಂಡ. ಅಳಿಸಲಿಕ್ಕೆ ಅಂತಲೇ ಸಾಯಿಸುವ ಲೇಖಕರಿಗೆ ಆ ಚಕ್ರದ ನೆನಪಾಗುವುದಿಲ್ಲ.

ನಮ್ಮ ನಾಯಕ ಓದುಗರಿಗೆ ಹಿಡಿಸಿದ್ದಾನೋ ಇಲ್ಲವೋ ಅಂತ ಪರೀಕ್ಷಿಸುವುದು ಹೇಗೆ?

ಒಂದು ಮಗುವನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ. "ಹೇಗಿದೆ?" ಅಂತ ಕೇಳಬೇಡಿ, ನಮ್ಮ ಮಕ್ಕಳು ಮರ್ಯಾದೆಗೆ ಚೆನ್ನಾಗಿದೆ ಅಂದುಬಿಡುತ್ತವೆ. ನಡುವೆ ಅವು ತಾವಾಗಿ ಏನು ಕೇಳುತ್ತವೆ ಅಂತ ಬರೆದಿಟ್ಟುಕೊಳ್ಳಿ.

ಅಗ್ನಿಧ್ವಜನನ್ನು ನಾನು ಅಣ್ಣನ ಮಗಳಿಗೆ ಓದಿ ಹೇಳಿದ್ದೆ, ಆಗ ಅವಳಿಗೆ ಹತ್ತು ವರ್ಷ. ಮಳೆಗಾಲ, ಕರೆಂಟಿಲ್ಲ, ಬೇರೆ ಕೆಲಸವಿಲ್ಲದ್ದರಿಂದ ಕೂತಿದ್ದಳು. ನಾಲ್ಕನೇ ಅಧ್ಯಾಯದಲ್ಲಿ ನಾಯಕ ದಿವ್ಯಖಡ್ಗ ಪಡೆದು ರಾತ್ರೋರಾತ್ರಿ ಕುದುರೆ ಹತ್ತಿ ಹೊರಡುತ್ತಾನೆ. ಲಾಯದಲ್ಲಿ ಒಬ್ಬ ಹುಡುಗ ಇದ್ದ. ಅವನಿಗೆ ನಾನು ಹೆಸರಿಟ್ಟಿರಲಿಲ್ಲ. ಮೂರೇ ಸಾಲು ಅವನಿಗೆ: ಕುದುರೆಯ ಕಾಲಿನಲ್ಲಿ ಗಾಯ ಇದೆ, ಇವತ್ತು ಬೇಡ ಸ್ವಾಮಿ ಅನ್ನುತ್ತಾನೆ. ನಾಯಕ ಕೇಳುವುದಿಲ್ಲ. ಹುಡುಗ ತನ್ನ ತಲೆವಸ್ತ್ರ ಹರಿದು ಕುದುರೆಯ ಕಾಲಿಗೆ ಕಟ್ಟಿ ಬಿಡುತ್ತಾನೆ.

ನಾನು ಖಡ್ಗದ ವರ್ಣನೆಗೆ ಬಂದಿದ್ದೆ. ಒಂದೂವರೆ ಪುಟದ ವರ್ಣನೆ.

"ಚಿಕ್ಕಪ್ಪಾ, ಆ ಕುದುರೆಗೆ ಪಟ್ಟಿ ಕಟ್ಟಿದವನು ಮುಂದೆ ಬರ್ತಾನಾ?" ಅಂದಳು.

"ಇಲ್ಲ" ಅಂದೆ.

"ಓ" ಅಂದು ಎದ್ದು ಅಡುಗೆಮನೆಗೆ ಹೋದಳು, ಅಜ್ಜಿ ಹಲಸಿನ ಬೀಜ ಸುಡುತ್ತಿದ್ದರು.